ನಾಲ್ಕು ಬಾಟಲಿ ಕಟ್ಟೆ ನೀರು

ಮೊಳಕಾಲ್ಮೂರು
3 ಮಾರ್ಚ್ 2025

ದೊಡ್ಡೀರಪ್ಪ ತಾತನವರಿಗೆ ಶ್ರೀವಾಣಿಯ ನಮಸ್ಕಾರ.

ಕುರಿಮಲಗಿದ ಕಟ್ಟೆಯ ಕಥೆಯನ್ನು ನನಗೆ ಮೊದಲು ಹೇಳಿದವರು ನಿಮ್ಮ ಮನೆಯ ಜುಂಜಮ್ಮಜ್ಜಿ. ಹೋದ ನವೆಂಬರ್ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ, ಕಟ್ಟೆಯ ಏರಿಯ ಮೇಲೆ. ನಾನು ಬಾಟಲಿಗೆ ನೀರು ತುಂಬುತ್ತಿದ್ದೆ, ಅವರು ಕಡಲೆಕಾಯಿ ಸುಲಿಯುತ್ತಿದ್ದರು. ಮಳೆಯಿಲ್ಲದ ಒಂದು ವರ್ಷ ಮುದಿ ಕುರಿಯೊಂದು ಬಯಲಿನಲ್ಲಿ ಮಲಗಿಬಿಟ್ಟಿತಂತೆ. ಎಳೆದರೂ ಏಳಲಿಲ್ಲ, ಬೈದರೂ ಏಳಲಿಲ್ಲ. ಎತ್ತಿ ಪಕ್ಕಕ್ಕೆ ಇಟ್ಟರೆ ಅದರ ಹೊಟ್ಟೆಯ ಕೆಳಗಿನ ಮಣ್ಣು ತಣ್ಣಗಿತ್ತಂತೆ. "ಅಲ್ಲೇ ಅಗದ್ರು ತಾಯಿ, ಅದೇ ಈ ಕಟ್ಟೆ. ಕುರಿಗಿರೋ ಬುದ್ಧಿ ನಮ್ಮನೆಯವ್ರಿಗಿಲ್ಲ" ಎಂದು ಅಜ್ಜಿ ನಿಮ್ಮ ಕಡೆ ಕೈ ತೋರಿಸಿದ್ದರು. ನೀವು ಕೇಳಿಸಿಕೊಂಡೂ ಕೇಳಿಸದವರಂತೆ ಮರಿಯ ಗೊರಸು ನೋಡುತ್ತಿದ್ದಿರಿ.

ಈಗ ಆ ಕಟ್ಟೆಗೆ ಇನ್ನೊಂದು ಕಥೆ ಸೇರುವಂತಿದೆ. ಅಂದು ನಾನು ಒಯ್ದ ನೀರಿನಲ್ಲಿ ಒಂದು ದೈತ್ಯ ವೈರಸ್ ಸಿಕ್ಕಿದೆ. ಮಾಮೂಲು ವೈರಸ್‌ಗಿಂತ ಹತ್ತಾರು ಪಟ್ಟು ದೊಡ್ಡದು. ಅದೂ ಅಲ್ಲದೆ, ವೈರಸ್ಸಿನಲ್ಲಿ ಇರಬಾರದ ಒಂದು ಅಂಶ ಅದರೊಳಗೆ ಇದೆ. ಅದನ್ನು ಖಾತ್ರಿ ಮಾಡಿಕೊಳ್ಳಲು ಅದೇ ಕಟ್ಟೆಯ ನೀರು ಮತ್ತೊಮ್ಮೆ ಬೇಕು, ಕಟ್ಟೆ ಬತ್ತುವ ಮೊದಲೇ ಬೇಕು. ಈ ವಿಷಯವನ್ನು ಸದ್ಯಕ್ಕೆ ಯಾರಿಗೂ ಹೇಳಬೇಡಿ. ಹಟ್ಟಿಯಲ್ಲೂ ಬೇಡ.

ನಾನೇ ಬರಬೇಕಿತ್ತು. ಏಳು ತಿಂಗಳು ತುಂಬಿದೆ, ತವರಿಗೆ ಬಂದಿದ್ದೇನೆ. ಬಸ್ಸು ಹತ್ತಬೇಡ ಎಂದು ಡಾಕ್ಟರು ಹೇಳಿದ್ದಾರೆ, ಅದನ್ನೇ ಅಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ. ಆದ್ದರಿಂದ ಪರಶುರಾಂಪುರದ ಬಸ್ಸಿನ ಕಂಡಕ್ಟರ್ ಮರುಳಪ್ಪನ ಕೈಯಲ್ಲಿ ಒಂದು ಥರ್ಮೋಕೋಲ್ ಪೆಟ್ಟಿಗೆ ಕಳಿಸಿದ್ದೇನೆ. ಅದರಲ್ಲಿ ನಾಲ್ಕು ಬಾಟಲಿಗಳಿವೆ. ಮೊಣಕಾಲುದ್ದ ನೀರಿಗೆ ಇಳಿದು ತುಂಬಿಸಿ. ಯಾವ ದಿನ, ಯಾವ ಹೊತ್ತು ಎಂದು ಚೀಟಿಯ ಮೇಲೆ ಬರೆಯಿರಿ. ಅವನ ಬಸ್ಸಿಗೇ ಕೊಟ್ಟರೆ ಸಾಕು. ಇಲ್ಲಿಂದ ನಾನು ಮೈಸೂರಿನ ನಮ್ಮ ಪ್ರಯೋಗಾಲಯಕ್ಕೆ, ನನ್ನ ಗೈಡ್ ಮಾಲತಿ ಮೇಡಂಗೆ ಕಳಿಸುತ್ತೇನೆ.

ಫೋನು ಮಾಡದೆ ಕಾಗದ ಬರೆದಿದ್ದಕ್ಕೆ ಕಾರಣ ಅಜ್ಜಿಯೇ. "ಫೋನ್ ಕಿವಿಗಿಟ್ರೆ ಕುರಿ ಕರ್ದಂಗೆ ಕೂಗ್ತಾರೆ, ಆಮೇಲೆ ಏನ್ ಕೇಳಿದ್ವಿ ಅಂತ ಅವ್ರಿಗೇ ನೆಪ್ಪಿರಲ್ಲ. ಕಾಗ್ದ ಬರಿ ತಾಯಿ" ಎಂದು ಅವತ್ತೇ ಹೇಳಿದ್ದರು.

ನಿಮ್ಮ,
ಶ್ರೀವಾಣಿ


ಕರೇಕಲ್ಲಟ್ಟಿ, ಪರಶುರಾಂಪುರ ಹೋಬಳಿ
ಚಳ್ಳಕೆರೆ ತಾಲ್ಲೂಕು
12 ಮಾರ್ಚ್ 2025

ತಾಯಿ ಶ್ರೀವಾಣಮ್ಮನಿಗೆ ದೊಡ್ಡೀರಪ್ಪ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ. ಕುರಿಗಳೂ ಕ್ಷೇಮ, ಅದನ್ನು ಮುಖ್ಯವಾಗಿ ತಿಳಿಯಬೇಕು. ಒಂದಕ್ಕೂ ಕೆಮ್ಮಿಲ್ಲ, ಜ್ವರವಿಲ್ಲ.

ನೀವು ಹೇಳಿದಂತೆ ನಾಲ್ಕು ಬಾಟಲಿ ತುಂಬಿಸಿ ಕಳಿಸಿದ್ದೇನೆ. ಪೆಟ್ಟಿಗೆ ನೋಡಿ ಮರುಳಪ್ಪ, "ಏನ್ ತಾತ, ಮೀನಾ?" ಎಂದ. "ಹೂಂ ಕಣಪ್ಪ, ಮೀನು" ಎಂದೆ. "ಹಂಗಾದ್ರೆ ಹಿಂದ್ಗಡೆ ಸೀಟಿನ ಕೆಳಾಗಿಡು, ವಾಸ್ನೆ ಬಂದ್ರೆ ನನ್ನ ಕೆಲ್ಸ ಹೋಗ್ತೈತೆ" ಎಂದ. ಯಾರಿಗೂ ಹೇಳಬೇಡಿ ಎಂದು ನೀವು ಬರೆದಿದ್ದಕ್ಕೆ ನಾನು ಹೆಂಡತಿಗೂ ಹೇಳಿಲ್ಲ.

ಎರಡು ಮಾತು ಕೇಳಬೇಕು. ನೀರು ಚೆನ್ನಾಗಿದೆ ಎಂದು ಕಂಡರೆ, ಚೆನ್ನಾಗಿದೆ ಎಂದು ಒಂದು ಕಾಗದದ ಮೇಲೆ ಸೀಲು ಹಾಕಿ ಕೊಡುವ ಪದ್ಧತಿ ನಿಮ್ಮಲ್ಲಿ ಇದೆಯೇ? ಇನ್ನೊಂದು, ಈ ವಿಷಯವಾಗಿ ಕಟ್ಟೆ ನೋಡಲು ಮೇಲಿನಿಂದ ಯಾರಾದರೂ ಬರುತ್ತಾರೆಯೇ?

ಮೈ ಹುಷಾರು. ಭಾರ ಎತ್ತಬೇಡಿ.

ದೊಡ್ಡೀರಪ್ಪ


ಮೊಳಕಾಲ್ಮೂರು
16 ಮಾರ್ಚ್ 2025

ತಾತನವರಿಗೆ ನಮಸ್ಕಾರ.

ಬಾಟಲಿಗಳು ಬಂದವು, ಅಂದೇ ಮೈಸೂರಿಗೆ ಹೊರಟವು. ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ ನಮ್ಮ ಪ್ರಯೋಗಾಲಯದ ಹುಡುಗರೂ ಮಾಡುವುದಿಲ್ಲ.

ಸೀಲು ಕೇಳಿದ್ದು ನೋಡಿ ಖುಷಿಯಾಯಿತು. ನಿಮಗೂ ನನ್ನಷ್ಟೇ ಆಸಕ್ತಿ ಹುಟ್ಟಿದೆ! ಸೀಲು ಇಲ್ಲ, ಆದರೆ ಫಲಿತಾಂಶ ಬಂದ ಕೂಡಲೇ ಬರೆಯುತ್ತೇನೆ. ನಾವಂದುಕೊಂಡದ್ದೇ ನಿಜವಾದರೆ ಮೇ ತಿಂಗಳಲ್ಲಿ ಮಾಲತಿ ಮೇಡಂ ತಾವೇ ಇನ್ನಿಬ್ಬರನ್ನು ಕರೆದುಕೊಂಡು ಕಟ್ಟೆ ನೋಡಲು ಬರುತ್ತಾರೆ. ಫೋಟೊ ಕೂಡ ತೆಗೆಯುತ್ತಾರೆ.

ಇಲ್ಲಿ ಅಮ್ಮ ಮಗ್ಗದ ಗುಂಡಿಯಲ್ಲಿ ಕುಳಿತು ನೇಯುತ್ತಾಳೆ, ನಾನು ಪಕ್ಕದಲ್ಲಿ ಕಾಲು ಚಾಚಿ ಕುಳಿತು ಓದುತ್ತೇನೆ. "ಅಮ್ಮಾಯಿ, ಬಸುರಲ್ಲಿ ವೈರಸ್ಸು ಗಿರಸ್ಸು ಅಂತ ಬಾಯಲ್ಲಿ ಅನ್ಬೇಡ" ಎನ್ನುತ್ತಾಳೆ ನಮ್ಮಮ್ಮ ಚಿತ್ತಮ್ಮ. ಆದ್ದರಿಂದ ಮನೆಯಲ್ಲಿ ಅದನ್ನು 'ಕಟ್ಟೆಯವರು' ಎಂದು ಕರೆಯುತ್ತೇನೆ.

ಶ್ರೀವಾಣಿ


ಕರೇಕಲ್ಲಟ್ಟಿ
27 ಮಾರ್ಚ್ 2025

ತಾಯಿ ಶ್ರೀವಾಣಮ್ಮನಿಗೆ.

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ಜಾಸ್ತಿ. ರಸ್ತೆ ಚೆನ್ನಾಗಿಲ್ಲ. ಮೇಡಂನವರು ಓದಿದವರು, ಸೂಕ್ಷ್ಮದವರು ಇರುತ್ತಾರೆ, ಅಷ್ಟು ದೂರದಿಂದ ಬಂದು ತೊಂದರೆ ಪಡುವುದು ಬೇಡ. ಫೋಟೊ ಬೇಕಾದರೆ ನಾನೇ ಯಾರಿಂದಲಾದರೂ ತೆಗೆಸಿ ಕಳಿಸುತ್ತೇನೆ.

ಕಟ್ಟೆಯ ಸುತ್ತ ಜಾಲಿ ಮುಳ್ಳು ಹಾಕಿದ್ದೇನೆ. ಒಂದು ಮರಿ ಕೆಸರಿನಲ್ಲಿ ಹೂತುಕೊಂಡಿತ್ತು, ಅದಕ್ಕೆ. ಹಟ್ಟಿಯ ಕುರಿಗಳೆಲ್ಲ ಸದ್ಯಕ್ಕೆ ಎರಡು ಮೈಲಿ ಆಚೆಯ ಜಾಲಿಕಟ್ಟೆಗೆ ನೀರಿಗೆ ಹೋಗುತ್ತವೆ. ಸ್ವಲ್ಪ ಬಡವಾಗಿವೆ ಅಷ್ಟೆ.

ಫಲಿತಾಂಶ ಏನಾಯಿತು?

ದೊಡ್ಡೀರಪ್ಪ


ಮೊಳಕಾಲ್ಮೂರು
5 ಏಪ್ರಿಲ್ 2025

ತಾತನವರಿಗೆ ನಮಸ್ಕಾರ.

ನೀರಿನಲ್ಲಿ ಏನೂ ಸಿಗಲಿಲ್ಲ.

ನಿನ್ನೆ ಮಾಲತಿ ಮೇಡಂ ಫೋನು ಮಾಡಿದ್ದರು. ನಾಲ್ಕು ಬಾಟಲಿಯಲ್ಲೂ ದೈತ್ಯ ವೈರಸ್ ಇಲ್ಲ, ಅದು ಬದುಕುವ ಹಸಿರು ಪಾಚಿಯೂ ಇಲ್ಲ. ಬೇಸಿಗೆಯಲ್ಲಿ ನೀರು ಬತ್ತಿದಷ್ಟೂ ಉಪ್ಪಿನಂಶ ಹೆಚ್ಚಬೇಕು, ಇದರಲ್ಲಿ ಅದೂ ಇಲ್ಲವಂತೆ. ನಡುವೆ ಜೋರು ಮಳೆಯೇನಾದರೂ ಬಂತೇ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.

ಈಗ ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲ, ಆದ್ದರಿಂದ ಪೂರ್ತಿ ಬರೆಯುತ್ತೇನೆ. ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಖಾತ್ರಿಯಾಗದ ಮಾತನ್ನು ಹತ್ತು ಜನರ ಬಾಯಿಗೆ ಹಾಕಿ ಆಮೇಲೆ ನಾಚಿಕೆಪಡಬೇಕಾದೀತು ಎಂದು ಹೆದರಿದೆ. ಯಾರಿಗೂ ಹೇಳಬೇಡಿ ಎಂದದ್ದು ಅಷ್ಟಕ್ಕೇ.

ವೈರಸ್ ಎಂದರೆ ಬರಿಗೈಯಲ್ಲಿ ಬರುವ ನೆಂಟ. ಅದಕ್ಕೆ ಒಲೆಯಿಲ್ಲ, ಹಸಿವಿಲ್ಲ, ಉಸಿರಿಲ್ಲ. ಯಾರದೋ ಮನೆ ಹೊಕ್ಕು, ಅವರ ಅಡುಗೆಮನೆಯಲ್ಲೇ ತನ್ನ ಸಂತಾನ ಬೆಳೆಸಿಕೊಂಡು ಹೊರಡುತ್ತದೆ. ನಿಮ್ಮ ಕಟ್ಟೆಯದು ಹೊಗುವುದು ಪಾಚಿಯ ಮನೆಯನ್ನು ಮಾತ್ರ, ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿ. ಕುರಿಯ ತಂಟೆಗಾಗಲಿ ಮನುಷ್ಯರ ತಂಟೆಗಾಗಲಿ ಅದು ಬರುವುದಿಲ್ಲ. ಬಹುಶಃ ನಿಮ್ಮ ಅಜ್ಜನ ಕಾಲದಿಂದಲೂ ನಿಮ್ಮ ಕುರಿಗಳು ಅದನ್ನು ಕುಡಿದುಕೊಂಡೇ ಬೆಳೆದಿವೆ.

ಆದರೆ ಈ ನೆಂಟ ಬರಿಗೈಯಲ್ಲಿ ಬಂದಿರಲಿಲ್ಲ, ಊದುಗೊಳವೆ ತಂದಿದ್ದ. ಸಕ್ಕರೆಯನ್ನು ಮುರಿದು ಶಕ್ತಿ ಮಾಡಿಕೊಳ್ಳಲು ಜೀವಿಗಳ ಮೈಯಲ್ಲಿ ಕೆಲವು ಪ್ರೋಟೀನ್‌ಗಳಿವೆ. ನನ್ನಲ್ಲಿ, ನಿಮ್ಮಲ್ಲಿ, ಕುರಿಯಲ್ಲಿ, ಪಾಚಿಯಲ್ಲಿ. ಅಂಥ ಪ್ರೋಟೀನನ್ನು ಹೇಗೆ ತಯಾರಿಸಬೇಕು ಎಂಬ ಬರಹವೇ ಜೀನ್. ಅಂಥದೊಂದು ಜೀನ್ ಏನನ್ನೂ ಉಣ್ಣದ ಈ ವೈರಸ್ಸಿನೊಳಗೆ ಕಂಡಿತ್ತು. ಪಾಚಿಯ ಮನೆ ಹೊಕ್ಕು, ಅವರ ಒಲೆಯನ್ನೇ ಊದಿ ಉರಿ ಹೆಚ್ಚಿಸಿ, ತನ್ನ ಅಡುಗೆ ಬೇಗ ಮುಗಿಸಿಕೊಳ್ಳುವ ಉಪಾಯ ಇರಬೇಕು. ದೂರದ ಕೆರೆಗಳಲ್ಲಿ, ಸಮುದ್ರಗಳಲ್ಲಿ ಇಂಥವು ಸಿಕ್ಕಿದ್ದನ್ನು ನಾನು ಓದಿದ್ದೆ. ಕುರಿ ಕುಡಿಯುವ ಕಟ್ಟೆಯಲ್ಲಿ, ನನ್ನ ಕೈಯಲ್ಲೇ ಸಿಕ್ಕಿತು ಎಂದು ಮೂರು ತಿಂಗಳು ನೆಲದ ಮೇಲೆ ನಡೆಯಲಿಲ್ಲ.

ಮೇಡಂಗೆ ಮೊದಲಿಂದಲೂ ಅನುಮಾನ. "ಅದು ವೈರಸ್ಸಿನ ಜೀನ್ ಅಲ್ಲ, ಪಾಚಿಯದು. ಚೂರು ಬೆರೆತಿರಬೇಕು" ಎನ್ನುತ್ತಿದ್ದರು. ಅಲ್ಲವೆಂದು ತೋರಿಸಲು ಕೈಯಲ್ಲಿ ಏನೂ ಇಲ್ಲದೆ ಈಗ ಅವರ ಮಾತೇ ನಿಂತಿತು. ನಾನು ಬಾಟಲಿ ಸರಿಯಾಗಿ ತೊಳೆದಿರಲಿಲ್ಲವೋ, ಎಲ್ಲಿ ಏನು ಬೆರೆಸಿದೆನೋ. 25ನೇ ತಾರೀಕು ನಮ್ಮ ವರ್ಷದ ಸಭೆ. ಅಂದು ನನ್ನ ತಪ್ಪೆಂದು ಬರೆದುಕೊಟ್ಟು ಮೂರು ವರ್ಷದ ಕೆಲಸ ಬಿಟ್ಟು ಬೇರೆ ವಿಷಯ ಹಿಡಿಯಬೇಕು.

ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ. ಮರಿ ಹೂತುಕೊಂಡಿದ್ದು ಹುಷಾರಾಗಿದೆಯೇ? ಕುರಿಗಳು ಅಷ್ಟು ದೂರ ನಡೆಯುತ್ತಿವೆ ಎಂದು ಓದಿ ಬೇಸರವಾಯಿತು.

ಶ್ರೀವಾಣಿ


ಕರೇಕಲ್ಲಟ್ಟಿ
9 ಏಪ್ರಿಲ್ 2025

ತಾಯಿ,

ಯಾವ ಮರಿಯೂ ಹೂತುಕೊಂಡಿರಲಿಲ್ಲ.

ನಿಮ್ಮ ಕಾಗದವನ್ನು ನಿನ್ನೆ ಮಧ್ಯಾಹ್ನ ಮುದ್ದೆ ಮುರಿಯುವ ಹೊತ್ತಿಗೆ ಓದಿದೆ. ಓದಿ ಹಾಗೆಯೇ ಕುಳಿತೆ. ನಮ್ಮನೆಯವಳು ಸಾರಿನ ಪಾತ್ರೆ ಹಿಡಿದು ಎದುರು ಬಂದಳು. ನಾನು ಬಾಯಿ ಬಿಡದಿದ್ದರೂ ನೀವು ನೀರು ಕೇಳಿದ್ದು, ಬಾಟಲಿ ಹೋದದ್ದು ಅವಳಿಗೆ ಆಗಲೇ ಗೊತ್ತಾಗಿತ್ತು. ಆಮೇಲೆ ಆದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಅದೇ ನನಗೆ ಶಿಕ್ಷೆ.

"ಏನಂತೆ?"

"ನೀರಾಗೆ ಏನೂ ಸಿಗಲಿಲ್ವಂತೆ."

"ಸಿಗದಿದ್ರೆ ಒಳ್ಳೇದಾತು. ಅದಕ್ಯಾಕೆ ಸಾವಿನ ಮನ್ಯಾಗೆ ಕುಂತಂಗೆ ಕುಂತೀರಿ?"

"ಆ ಹುಡುಗಿ ಅಳ್ತಾ ಬರ್ದವ್ಳೆ."

"ಯಾಕೆ ಅಳ್ತಾಳೆ? ನೀವು ಯಾವ್ ನೀರು ಕಳ್ಸಿದ್ರಿ?"

"ನೀರು."

"ನೀರು ಅಂದ್ರೆ ಯಾವ್ ನೀರು ಅಂತ ಕೇಳಿದ್ದು."

ನಾನು ಮುದ್ದೆ ನೋಡಿದೆ. ಮುದ್ದೆ ನನ್ನನ್ನು ನೋಡಿತು.

"ಫಿಲ್ಟರ್ ನೀರು" ಎಂದೆ.

ಹೌದು ತಾಯಿ. ಪರಶುರಾಂಪುರದಲ್ಲಿ ಕಾಸು ಹಾಕಿದರೆ ಶುದ್ಧ ನೀರು ಬರುವ ಘಟಕವಿದೆಯಲ್ಲ, ಅಲ್ಲಿಂದ ಒಂದು ಕ್ಯಾನು ಹಿಡಿದು ತಂದು ನಿಮ್ಮ ನಾಲ್ಕೂ ಬಾಟಲಿಗೆ ತುಂಬಿದ್ದೆ. ತೀರಾ ತಿಳಿಯಾಗಿ ಕಂಡರೆ ನಿಮಗೆ ಗೊತ್ತಾಗುತ್ತದೆಂದು ಹೊಲದ ಮಣ್ಣು ಒಂದೊಂದು ಚಿಟಿಕೆ ಹಾಕಿದೆ. ಆಮೇಲೆ ಒಂದೊಂದಕ್ಕೆ ಎರಡೆರಡು ಕುರಿಹಿಕ್ಕೆ.

"ಹಿಕ್ಕೆ ಬ್ಯಾರೆ ಹಾಕಿದ್ರಾ?" ಎಂದಳು.

"ಎರಡೇ."

"ಯಾಕೆ?"

"ಕಟ್ಟೆ ನೀರಿನಂಗೆ ಕಾಣ್ಲಿ ಅಂತ."

ಅವಳು ಸಾರಿನ ಪಾತ್ರೆ ಕೆಳಗಿಟ್ಟು ಗೋಡೆಗೊರಗಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ನಿಮ್ಮ ಕಾಗದ ಪೂರ್ತಿ ಓದಿಸಿಕೊಂಡು ಬೈಯಲು ಶುರು ಮಾಡಿದಳು. "ತುಂಬಿದ ಬಸುರಿ ಅದು. ಮೂರ್ ವರ್ಷದ ದುಡಿಮೆನ ನಿಮ್ ಫಿಲ್ಟರ್ ಕ್ಯಾನಾಗೆ ಅದ್ದಿಬಿಟ್ರಲ್ರೀ! ಊರಾಗಿನ ಕುರಿನೆಲ್ಲ ಬಿಸ್ಲಾಗೆ ನಡ್ಸಿದ್ದೂ ಇದಕ್ಕೇನಾ?"

ಅದಕ್ಕೇ ತಾಯಿ. ನೀವು ವೈರಸ್ ಎಂದು ಬರೆದಿದ್ದಿರಿ, ದೈತ್ಯ ಎಂದು ಬರೆದಿದ್ದಿರಿ, ಇರಬಾರದ್ದು ಇದೆ ಎಂದಿರಿ, ಯಾರಿಗೂ ಹೇಳಬೇಡಿ ಎಂದಿರಿ. ನಾನು ಏಳನೇ ಕ್ಲಾಸು. ಮೂರು ವರ್ಷದ ಹಿಂದೆ ನಮ್ಮ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂದಿತ್ತು. ಅದೂ ವೈರಸ್ಸೇ ಎಂದು ದನದ ಡಾಕ್ಟರು ಹೇಳಿದ್ದರು. ನಾಲಿಗೆ ಊದಿ, ಮೇವು ಬಿಟ್ಟು, ನನ್ನ ಮಂದೆಯಲ್ಲೇ ಮೂವತ್ತೊಂದು ಹೋದವು. ಉಳಿದವನ್ನು ಯಾವ ಸಂತೆಯಲ್ಲೂ ಒಳಗೆ ಬಿಡಲಿಲ್ಲ. ಪಕ್ಕದ ಹಟ್ಟಿಯವರು ಅವರ ದಾರಿಯಲ್ಲಿ ಹಾಯಲೂ ಬಿಡಲಿಲ್ಲ. ಈಗ ನಮ್ಮ ಕಟ್ಟೆಯಲ್ಲೇ ದೈತ್ಯ ವೈರಸ್ ಇದೆ ಎಂದು ಮೈಸೂರಿನಲ್ಲಿ ಬರೆದುಬಿಟ್ಟರೆ ಏನು ಗತಿ? ಹಟ್ಟಿಯ ಎಂಟು ನೂರು ಕುರಿಗಳಿಗೆ ಹತ್ತಿರದ ನೀರು ಎಂದರೆ ಅದೊಂದೇ. ಮೇಡಂ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾರೆ ಎಂದು ನೀವು ಬರೆದಾಗ ಕಟ್ಟೆ ಮುಚ್ಚಲೇ ಬರುತ್ತಾರೆ ಎಂದು ತಿಳಿದೆ. ಬಾಟಲಿಗೆ ಒಳ್ಳೆಯ ನೀರು ಹಾಕಿದರೆ ಕಾಗದದಲ್ಲಿ ಕಟ್ಟೆ ಉಳಿಯುತ್ತದೆ, ಕುರಿಗಳನ್ನು ಆಚೆ ನಡೆಸಿದರೆ ಕುರಿಗಳು ಉಳಿಯುತ್ತವೆ ಎಂದು ಲೆಕ್ಕ ಹಾಕಿದೆ. ಹಟ್ಟಿಯವರಿಗೆ ಕೆಸರಿನ ಸುಳ್ಳು, ನಿಮಗೆ ನೀರಿನ ಸುಳ್ಳು. ನಡುವೆ ನನ್ನ ತಲೆ ಕಟ್ಟೆಗಿಂತ ಮೊದಲೇ ಬತ್ತಿತ್ತು.

ಊಟ ಬಿಟ್ಟು ಎದ್ದು ಹೋಗಿ ಮುಳ್ಳು ತೆಗೆದೆ. ನಮ್ಮ ಹಟ್ಟಿಯ ರಾಜಣ್ಣ ಬಂದು, "ಕೆಸರು ಒಣಗ್ತಾ ತಾತ?" ಎಂದ. "ಒಣಗ್ತು ಕಣ್ಲಾ" ಎಂದೆ. ಕುರಿಗಳಿಗೆ ಯಾರೂ ಹೇಳಬೇಕಾಗಲಿಲ್ಲ. ದಾರಿಯಲ್ಲೇ ತಿರುಗಿ, ಒಂದರ ಬೆನ್ನ ಮೇಲೆ ಒಂದು ಬಿದ್ದು ಇಳಿದವು. ಎಂಟು ನೂರು ಮೂತಿಗಳು ಒಟ್ಟಿಗೆ ನೀರಿಗಿಟ್ಟ ಸದ್ದು ಕೇಳಿ ಬಹಳ ದಿನವಾಗಿತ್ತು. ಏರಿಯ ಮೇಲೆ ಕುಳಿತು ಅವು ಸಾಕೆನ್ನುವವರೆಗೂ ಕೇಳಿದೆ.

ನೀರು ಕಡಿಮೆಯಾಗಿದೆ, ಆದರೆ ಹಸಿರಾಗಿದೆ. ಮನೆಯಲ್ಲಿ ನೀವು ಕೊಟ್ಟಿದ್ದ ಬಾಟಲಿ ಇಲ್ಲದ್ದರಿಂದ ಪರಶುರಾಂಪುರದ ಔಷಧಿ ಅಂಗಡಿಯಲ್ಲಿ ಹೊಸ ಬಾಟಲಿ ತಂದು, ಕುದಿಸಿ, ಆರಿಸಿ, ಇವತ್ತು ಬೆಳಿಗ್ಗೆ ಮೊಣಕಾಲುದ್ದ ಇಳಿದು ತುಂಬಿದ್ದೇನೆ. ನನ್ನ ಮಾತಿಗೆ ಬೆಲೆಯಿಲ್ಲವೆಂದು ಜುಂಜಮ್ಮ ಏರಿಯ ಮೇಲೆ ನಿಂತು ನೋಡಿದ್ದಾಳೆ. ನಾಲ್ಕು ಚೀಟಿಯ ಮೇಲೂ ಅವಳ ಹೆಬ್ಬೆಟ್ಟಿದೆ.

ಮೇಡಂನವರ ಅನುಮಾನದ ಬಗ್ಗೆ ಒಂದು ಮಾತು. ಬೇರೆಯವರ ಕುರಿ ನಮ್ಮ ದೊಡ್ಡಿಯಲ್ಲಿ ಸೇರಿಕೊಂಡರೆ ಕಿವಿ ಹಿಡಿದು ನೋಡುತ್ತೇವೆ. ಒಬ್ಬೊಬ್ಬರ ಮಂದೆಗೆ ಒಂದೊಂದು ಥರ ಕಿವಿ ಕೊಯ್ದ ಗುರುತು ಇರುತ್ತದೆ. ಆದರೆ ಅದೇ ಕುರಿಯನ್ನು ನಾವು ಕೊಂಡು ಸಾಕಿ ಅದು ಇಲ್ಲೇ ಈದರೆ ಮರಿಯ ಕಿವಿಗೆ ನಮ್ಮ ಗುರುತೇ. ಬಣ್ಣ ಆ ಮಂದೆಯದು, ಕಿವಿ ಈ ಮಂದೆಯದು. ನಿಮ್ಮ ಜೀನ್ ಎಂಬುದೂ ಯಾವ ಕಾಲದಲ್ಲೋ ಪಾಚಿಯ ಮಂದೆಯಿಂದ ಬಂದು ವೈರಸ್ಸಿನ ದೊಡ್ಡಿಯಲ್ಲಿ ಮರಿ ಹಾಕಿದ್ದಿರಬಾರದೇಕೆ? ಬಣ್ಣ ನೋಡಿ ಹೇಳಬೇಡಿ, ಕಿವಿ ನೋಡಿ.

ಬೈದು ಕಾಗದ ಬರೆಯಿರಿ. ಬರೆಯದೆ ಇರಬೇಡಿ.

ದೊಡ್ಡೀರಪ್ಪ


ಮೊಳಕಾಲ್ಮೂರು
12 ಏಪ್ರಿಲ್ 2025

ತಾತಾ,

ಬೈಯಲು ಕುಳಿತೆ, ಆಗುತ್ತಿಲ್ಲ. ಹಿಕ್ಕೆಯ ಸಾಲು ಬಂದಾಗ ನಕ್ಕ ನಗುವಿಗೆ ಅಮ್ಮ ಮಗ್ಗ ಬಿಟ್ಟು ಓಡಿ ಬಂದಳು, ನೋವು ಶುರುವಾಯಿತೆಂದು ತಿಳಿದು. ಓದಿ ಹೇಳಿದೆ. "ದೇವುಡಾ, ಎಷ್ಟು ಮರ್ಯಾದಸ್ತರು! ಪರರ ಮನೆಗೆ ಕಳ್ಸೋ ನೀರು ಅಂತ ಫಿಲ್ಟರ್ ಮಾಡಿ ಕಳ್ಸಿದಾರೆ" ಎಂದಳು. ನಾನು ಎಷ್ಟು ಬಿಡಿಸಿ ಹೇಳಿದರೂ ಅವಳು ಅದನ್ನೇ ಹಿಡಿದಿದ್ದಾಳೆ.

ಮೇಡಂಗೆ ಫೋನು ಮಾಡಿ ಇದ್ದದ್ದು ಹೇಳಿದೆ. ನಾನೂ ಒಂದು ಸುಳ್ಳು ಹೇಳಿದ್ದೆ, ಅದನ್ನೂ ಒಪ್ಪಿಕೊಂಡೆ. ಎರಡನೇ ಸಲದ ನೀರನ್ನು ನಾನೇ ನಿಂತು ತುಂಬಿಸಿದೆ ಎಂದು ಹೇಳಿದ್ದೆ ತಾತ. ಬಸುರಿ, ಮನೆಯಲ್ಲಿ ಕುಳಿತಿದ್ದಾಳೆ, ಇನ್ನು ಇವಳಿಂದ ಆಗದು ಎಂದುಕೊಂಡಾರೆಂಬ ಭಯ. ನೀವು ಕಟ್ಟೆಗೆ ಹೆದರಿದಿರಿ, ನಾನು ಮೇಡಂಗೆ ಹೆದರಿದೆ. ಅವರು, "ಅಂತೂ ಉಪ್ಪಿಲ್ಲದ ನೀರು ಎಲ್ಲಿಯದೆಂದು ಗೊತ್ತಾಯಿತಲ್ಲ, ನಾನು ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೆ" ಎಂದರು. ಸಭೆಯಲ್ಲಿ ನನ್ನ ಸರದಿಯನ್ನು ಮೇ ಕೊನೆಗೆ ಹಾಕಿದ್ದಾರೆ. ಹೆಬ್ಬೆಟ್ಟಿನ ಬಾಟಲಿಗಳು ಇವತ್ತು ಹೊರಟವು.

ದೈತ್ಯ ಎಂದು ಬರೆದವಳು ನಾನು. ಕುರಿ ಸಾಕುವವರಿಗೆ ವೈರಸ್ ಎಂದರೆ ಏನೆಂದು ಯೋಚಿಸದೆ ಹೋದೆ. ಮೂವತ್ತೊಂದು ಕುರಿಗಳ ವಿಷಯ ನನಗೆ ಗೊತ್ತೇ ಇರಲಿಲ್ಲ. ಕ್ಷಮಿಸಿ.

ನಿಮ್ಮ ಕಿವಿಯ ಮಾತನ್ನು ಮೇಡಂಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು.

ಶ್ರೀವಾಣಿ


ಮೊಳಕಾಲ್ಮೂರು
24 ಮೇ 2025

ದೊಡ್ಡೀರಪ್ಪ ತಾತನವರಿಗೆ, ಜುಂಜಮ್ಮಜ್ಜಿಗೆ ನಮಸ್ಕಾರ.

ಮೇ 14ಕ್ಕೆ ಹೆಣ್ಣು ಮಗು. ಮೂರು ಕೆಜಿ. ಇಬ್ಬರೂ ಹುಷಾರಾಗಿದ್ದೇವೆ.

ಈ ಕಾಗದಕ್ಕೆ ಹತ್ತು ದಿನ ಹಿಡಿದದ್ದು ಮಗುವಿನಿಂದಲ್ಲ. ಎರಡನೇ ಸುದ್ದಿ ನಿನ್ನೆ ಮೈಸೂರಿನ ಅಂಚೆಯಲ್ಲಿ ಬಂತು, ಎರಡನ್ನೂ ಒಟ್ಟಿಗೇ ಬರೆಯೋಣವೆಂದು ಕಾದೆ. ಸಿಕ್ಕಿತು ತಾತ. ನಾಲ್ಕು ಬಾಟಲಿಯಲ್ಲೂ ಸಿಕ್ಕಿತು.

ಮೊದಲ ಸಲ ವೈರಸ್ಸಿನ ಬರಹವನ್ನು ಚೂರು ಚೂರಾಗಿ ಓದಿ ಜೋಡಿಸಿದ್ದೆವು. ಜೋಡಿಸುವಾಗ ಪಾಚಿಯ ಚೂರು ಸೇರಿಕೊಂಡಿರಬಹುದು ಎಂಬುದೇ ಮೇಡಂ ಅನುಮಾನ. ಈ ಸಲ ಉದ್ದುದ್ದನೆಯ ಎಳೆಗಳಾಗಿ ಓದಿದ್ದಾರೆ. ಇದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದಾಗ ಅವಳು ಮಗ್ಗದಲ್ಲಿದ್ದ ಸೀರೆಯ ಒಂದು ಅಂಚನ್ನು ಹಿಡಿದು ಅಡಿ ತಿರುಗಿಸಿ ತೋರಿಸಿದಳು. "ಬುಟ್ಟಾ ನೇಯ್ದಿದ್ದೋ, ಹೊಲ್ದಿದ್ದೋ ಅಂತ ಮೇಲ್ಗಡೆ ನೋಡಿದ್ರೆ ತಿಳಿಯಲ್ಲ. ತಿರುಗ್ಸಿ ನೋಡು. ಹೊಕ್ಕಿನ ಎಳೆ, ಅಡ್ಡ ಬರೋ ದಾರ, ಈ ಅಂಚಿನಿಂದ ಬುಟ್ಟಾ ದಾಟಿ ಆ ಕಡೆ ಹೋಗಿದ್ರೆ ಅದು ಈ ಸೀರೆದೇ." ಅದೇ ನೋಡಿ. ಆ ಜೀನಿನ ಎಡಕ್ಕೂ ವೈರಸ್ಸಿನ ಬರಹ, ಬಲಕ್ಕೂ ವೈರಸ್ಸಿನ ಬರಹ, ನಡುವೆ ಎಳೆ ಎಲ್ಲೂ ಕಡಿದಿಲ್ಲ. ಅದರದ್ದೇ.

ಪಾಚಿಯಲ್ಲೂ ಹೆಚ್ಚು ಕಡಿಮೆ ಇಂಥದೇ ಜೀನ್ ಇದೆ, ಆದರೆ ಎರಡರ ನಡುವೆ ಬಹಳ ವ್ಯತ್ಯಾಸ ಬೆಳೆದಿದೆ. ಎಷ್ಟೋ ತಲೆಮಾರುಗಳ ಹಿಂದೆ ಆ ಮಂದೆಯಿಂದ ಈ ದೊಡ್ಡಿಗೆ ಬಂದದ್ದಿರಬೇಕು. ಕಿವಿ ನೋಡಿ ಎಂದಿರಲ್ಲ, ನೋಡಿದೆವು.

ಅದು ಒಲೆ ಊದುವುದು ನಿಜವೋ, ಬರೀ ಹೊತ್ತುಕೊಂಡು ತಿರುಗುತ್ತದೋ ಎಂಬುದು ಇನ್ನೂ ಗೊತ್ತಿಲ್ಲ. ಅದು ಮುಂದಿನ ಕೆಲಸ, ಕೈಯಲ್ಲಿ ಕೆಲಸವಿದೆ ಎಂಬುದೇ ಈಗ ಹಬ್ಬ.

ಇದನ್ನು ಲೇಖನವಾಗಿ ಅಚ್ಚು ಹಾಕಿಸುವಾಗ ಕಟ್ಟೆಯ ಹೆಸರು ಹಾಕಬೇಕೇ ಬೇಡವೇ ಎಂದು ನೀವೇ ಹೇಳಿ. ನೀವು ಬೇಡ ಎಂದರೆ ಚಳ್ಳಕೆರೆ ತಾಲ್ಲೂಕಿನ ಒಂದು ಕಟ್ಟೆ ಎಂದಷ್ಟೇ ಬರೆಯುತ್ತೇವೆ. ಇದರಿಂದ ಕುರಿಗೆ ರೋಗವಿಲ್ಲ ಎಂದು ಮೇಡಂ ಕನ್ನಡದಲ್ಲಿ ಬರೆದು ಸಹಿ ಮಾಡಿದ್ದಾರೆ, ಇದರ ಜೊತೆಗಿದೆ. ಸೀಲೂ ಹಾಕಿದ್ದಾರೆ!

ಇನ್ನು ಯಾರಿಗೆ ಬೇಕಾದರೂ ಹೇಳಿ.

ಶ್ರೀವಾಣಿ


ಕರೇಕಲ್ಲಟ್ಟಿ
3 ಜೂನ್ 2025

ತಾಯಿ ಶ್ರೀವಾಣಮ್ಮನಿಗೆ, ಚಿತ್ತಮ್ಮನವರಿಗೆ, ಹೊಸದಾಗಿ ಬಂದವಳಿಗೆ ದೊಡ್ಡೀರಪ್ಪ, ಜುಂಜಮ್ಮ ಇಬ್ಬರೂ ಬರೆಯುವುದು. ಬರೆಯುವವನು ನಾನು, ಪಕ್ಕದಲ್ಲಿ ಕುಳಿತು ತಿದ್ದುವವಳು ಅವಳು.

ಹೆಣ್ಣು ಮಗು ಎಂದು ಓದಿದ ಕೂಡಲೇ ಇವಳು ಹಟ್ಟಿಗೆಲ್ಲ ಬೆಲ್ಲ ಹಂಚಿದಳು. ಕೊಟ್ಟದ್ದು ಬೆಲ್ಲ, ಅದರೊಂದಿಗೆ ನನ್ನ ಕಥೆಯೂ ಹೊರಬಿತ್ತು. ಸಾಯಂಕಾಲ ಕುರಿ ದೊಡ್ಡಿಗೆ ಸೇರಿದ ಮೇಲೆ ಹಟ್ಟಿಯವರೆಲ್ಲ ಒಣಗಿದ ಕಟ್ಟೆಯ ಏರಿಯ ಮೇಲೆ ಕೂಡಿದರು. ಮೊದಲಿಂದ ಹೇಳು ಎಂದರು. ಹೇಳಿದೆ. ಫಿಲ್ಟರ್ ನೀರನ್ನೂ ಬಿಡಲಿಲ್ಲ, ಹಿಕ್ಕೆಯನ್ನೂ ಬಿಡಲಿಲ್ಲ. ಬಿಡಲು ಇವಳು ಬಿಡಲಿಲ್ಲ.

"ಒಂದ್ ತಿಂಗ್ಳು ನನ್ ಕುರಿ ಜಾಲಿಕಟ್ಟೆಗೆ ತಿರುಗಿದ್ದು ಇದಕ್ಕಾ?" ಎಂದ ರಾಜಣ್ಣ. "ನಿನ್ ಕುರಿ ತಿರುಗಿದ್ರೆ ನೀನೂ ತಿರುಗ್ದೆ. ಹೊಟ್ಟೆ ಕರಗೈತೆ ನೋಡ್ಕೋ" ಎಂದಳು ಅವನ ಅತ್ತೆ ರಾಧಮ್ಮ. ಎಲ್ಲರೂ ನಕ್ಕರು. ಆದರೂ ತಪ್ಪು ತಪ್ಪೇ, ಹಟ್ಟಿಗೆ ಸುಳ್ಳು ಹೇಳಿದ್ದಕ್ಕೆ ತಪ್ಪುಕಾಣಿಕೆ ಕೊಡಬೇಕೆಂದು ತೀರ್ಮಾನವಾಯಿತು. ಏನು ಎಂದು ಕೇಳಿದೆ. ನಾಳೆ ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿಯಬೇಕು ಎಂದರು.

ಆಮೇಲೆ ಬಂದವು ನೋಡಿ ಪ್ರಶ್ನೆಗಳು. "ಉಣ್ಣಕ್ಕೆ ಬಾಯೇ ಇಲ್ದೋನು ಊದುಗೊಳವೆ ಯಾಕ್ ಹೊತ್ಕೊಂಡ್ ತಿರುಗ್ತಾನೆ?" ಎಂದು ರಾಧಮ್ಮ. ಓದಿದವರಿಗೇ ಇನ್ನೂ ಪೂರ್ತಿ ಗೊತ್ತಾಗಿಲ್ಲವಂತೆ ಎಂದೆ. ಅದು ಅವರಿಗೆ ಬಹಳ ಹಿಡಿಸಿತು. ಓದಿದವರಿಗೂ ಗೊತ್ತಿಲ್ಲದ ವಸ್ತು ನಮ್ಮ ಕಟ್ಟೆಯಲ್ಲಿದೆ ಎಂದು ಎರಡೆರಡು ಸಲ ಹೇಳಿಸಿದರು. ಹೆಸರು ಹಾಕಿ ಎಂದು ಎಲ್ಲರ ಒಪ್ಪಿಗೆ. ಸೀಲಿನ ಕಾಗದವನ್ನು ಕೈಯಿಂದ ಕೈಗೆ ದಾಟಿಸಿ, ಓದಲು ಬಾರದವರು ಸೀಲನ್ನು ಮುಟ್ಟಿ ನೋಡಿ, ಕೊನೆಗೆ ಇವಳು ಪೆಟ್ಟಿಗೆಯಲ್ಲಿಟ್ಟಳು. "ಕಟ್ಟೆ ಒಣಗೈತಲ್ಲ, ಅವು ಸತ್ತು ಹೋದ್ವಾ?" ಎಂದು ಯಾರೋ ಕೇಳಿದರು. ನನಗೆ ಗೊತ್ತಿಲ್ಲ, ಆದರೆ ಪ್ರತಿ ವರ್ಷ ಒಣಗಿ ಪ್ರತಿ ವರ್ಷ ಹಸಿರಾಗುತ್ತದಲ್ಲ, ಇಲ್ಲೇ ಹೂಳಿನಲ್ಲಿ ಅಡಗಿ ಕುಳಿತಿರಬೇಕು ಎಂದೆ. ತಪ್ಪಿದ್ದರೆ ನೀವು ತಿದ್ದಬೇಕು.

ಮಾರನೆಯ ಬೆಳಿಗ್ಗೆ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಮಳೆಗೆ ಮೊದಲು ಕಟ್ಟೆಯ ಹೂಳೆತ್ತುವುದು ನಮ್ಮಲ್ಲಿ ವಾಡಿಕೆ, ಮನೆಗೊಬ್ಬರು ಬರುತ್ತಾರೆ. ಈ ಸಲ ಮನೆಗೆ ನಾಲ್ಕು ಜನ ಬಂದರು. ಮೊದಲ ಗುದ್ದಲಿ ನಾನು ಹಾಕುವ ಮುಂಚೆಯೇ ಹೆಂಗಸರು ಕಟ್ಟೆಯ ನಡುವೆ, ಎರಡು ಕಂಬಳಿ ಹಾಸುವಷ್ಟು ಜಾಗಕ್ಕೆ, ಸುತ್ತಲೂ ಕಲ್ಲಿಟ್ಟುಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಮಿಕ್ಕ ಹೂಳೆಲ್ಲ ಟ್ರ್ಯಾಕ್ಟರ್ ಹತ್ತಿತು. ರಾಜಣ್ಣ ತನ್ನ ಪಾಡಿಗೆ ತಾನು ಅಗೆಯುತ್ತಾ ಅಗೆಯುತ್ತಾ ಕಲ್ಲಿನ ಹತ್ತಿರ ಹೋಗಿ ಗುದ್ದಲಿ ಎತ್ತಿದ. ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ಒಟ್ಟಿಗೆ ಕೂಗಿದರು:

"ಏಯ್ ರಾಜಣ್ಣ, ಮುಟ್ಬ್ಯಾಡ! ಅದು ಬಿತ್ತನೇದು!"